ಊಟದ ಮೇಜಿನ ಭಾಷಣ

ಭಾಗಮಂಡಲದ ಹತ್ತಿರವಿರುವ ನಮ್ಮ ಮನೆಯ ಮೂರು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ ಮೇಲೆ ನನಗೆ ಭಾಷಣದ ಚಟ ಹತ್ತಿತು. ಕಾಚಂಪುಳಿ ಹಾಕಿ ಹುಳಿ ಮಾಡಿದ ಹಂದಿಮಾಂಸ, ಅಕ್ಕಿತರಿಯ ಉಂಡೆ ಕಡಂಬುಟ್ಟು ಮೇಜಿಗೆ ಬಂದು ಅತಿಥಿಗಳು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ನಾನು ಶುರು ಹಚ್ಚಿಕೊಳ್ಳುತ್ತಿದ್ದೆ. ನಮ್ಮ ಹಿರಿಯರು ದಿನಾ ಉಂಡದ್ದು ಇದನ್ನೇ. ಡಾಕ್ಟರ ಮುಖ ಕಂಡವರಲ್ಲ. ನಿಮ್ಮ ಓಟ್ಸು, ಸಲಾಡು ಎಲ್ಲ ರೋಗಿಗಳ ಊಟ. ಜನ ನಗುತ್ತಿದ್ದರು, ಇನ್ನೆರಡು ಕಡಂಬುಟ್ಟು ಹಾಕಿಸಿಕೊಳ್ಳುತ್ತಿದ್ದರು. ನನ್ನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಭಾಷಣಕ್ಕೆ ಮೊದಲೇ ಅಡುಗೆಮನೆಯಲ್ಲಿ ನುಂಗಿ ಬರುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಬಂದ ಗಂಡ ಹೆಂಡತಿ ಇದಕ್ಕೆ ಸೊಪ್ಪು ಹಾಕಲಿಲ್ಲ. ಆ ಹೆಂಗಸು ತನ್ನ ಡಬ್ಬಿ ತೆರೆದು ಬೇಯಿಸಿದ ತರಕಾರಿ, ಮೊಳಕೆಕಾಳು ತಿನ್ನತೊಡಗಿದಳು. ಅನ್ನ ಬಿಟ್ಟಿದ್ದಾಳಂತೆ. ಮಧ್ಯಾಹ್ನದವರೆಗೆ ಏನೂ ಮುಟ್ಟುವುದಿಲ್ಲವಂತೆ, ಅದರಿಂದ ಮೈ ಹಗುರವಾಗಿದೆಯಂತೆ. ನನಗೆ ಮೈ ಉರಿಯಿತು.

"ನಮ್ಮಮ್ಮನ್ನ ನೋಡಿ," ಎಂದೆ. "ಎಂಬತ್ತು ದಾಟಿದೆ. ಈಗಲೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಹಾಕ್ತಾರೆ. ಎಲ್ಲ ಈ ಊಟದ ಮಹಿಮೆ."

ಅಮ್ಮ ಅಕ್ಕಿರೊಟ್ಟಿ ತಂದಿಟ್ಟು ಈ ಮಾತೆಲ್ಲ ಕೇಳುತ್ತ ನಿಂತಿದ್ದಳು. ಆ ಹೆಂಗಸು ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿ, "ಆಗೆಲ್ಲ ದಿನಾ ಏನು ತಿಂತಾ ಇದ್ರಿ, ಅಮ್ಮಾ?" ಎಂದು ಕೇಳಿದಳು. ಅದುವರೆಗೆ ಯಾವ ಅತಿಥಿಯೂ ಅಮ್ಮನನ್ನು ಏನನ್ನೂ ಕೇಳಿರಲಿಲ್ಲ. ಅಮ್ಮನ ಮುಖ ಅರಳಿತು. ನಮ್ಮ ಮನೆಮಾತು ಅರೆಭಾಷೆ ಬೆರೆತ ಕನ್ನಡದಲ್ಲಿ ಹೇಳಿಯೇಬಿಟ್ಟಳು.

"ದಿನಾ ಹಂದಿ ಎಲ್ಲಿಂದ ಬರೊದು? ಹಬ್ಬಕ್ಕೆ, ಮದುವೆಗೆ ಅಷ್ಟೆ. ಮಳೆಗಾಲಲಿ ಅಕ್ಕಿನೇ ಸಾಕಾಗ್ತಿತ್ತಿಲ್ಲೆ. ಕೆಸಿನ ಸೊಪ್ಪು, ಬಿದಿರಿನ ಕಣಿಲೆ, ಹಲಸಿನ ಬೀಜ. ಬೀಜ ಸುಟ್ಟು ಸೆರಗಿಗೆ ಕಟ್ಟಿಕಂಡು ನಾಟಿಗೆ ಹೋಗೊದು." ಆಮೇಲೆ ಅತಿಥಿಯ ಡಬ್ಬಿ ನೋಡಿ ನಕ್ಕಳು. "ಮಧ್ಯಾಹ್ನದವರೆಗೆ ತಿನ್ನದೆ ನಾವೂ ಇದ್ದೊ. ಇವಂಗೆ ಗಂಜಿ ಬಡಿಸಿರೆ ನಂಗೆ ಉಳಿತಿತ್ತಿಲ್ಲೆ. ನೀರು ಕುಡ್ದು ಗದ್ದೆಗೆ..."

"ಅಮ್ಮ, ಸಾಕ್. ಒಳಗೆ ಹೋಗ್, ಕಾಫಿ ಇಡ್," ಎಂದೆ. ಮನೆಯ ನಾಯಿಗೂ ನಾನು ಹಾಗೆ ಗದರುವುದಿಲ್ಲ. ಅಮ್ಮ ಎದ್ದು ಹೋದಳು. "ವಯಸ್ಸಾಯ್ತು, ಏನೇನೋ ಹೇಳ್ತಾರೆ," ಎಂದು ನಾನು ನಕ್ಕೆ. ಆ ಹೆಂಗಸು ನಗಲಿಲ್ಲ. ಡಬ್ಬಿ ಮುಚ್ಚಿದಳು.

ಅಮ್ಮ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆ ಗಂಜಿ ಕುಡಿದವನು ನಾನೇ. ಹಬ್ಬದ ಎಲೆಯನ್ನು ದಿನದ ಊಟವೆಂದು ಮಾರುತ್ತಿದ್ದೆ, ದಿನದ ಊಟದ ಬಗ್ಗೆ ನಾಚುತ್ತಿದ್ದೆ. ಅಮ್ಮನ ಊಟಕ್ಕೆ ನನ್ನ ಮೇಜಿನ ಊಟಕ್ಕಿಂತ ಅತಿಥಿಯ ಡಬ್ಬಿಯ ಊಟವೇ ಹೆಚ್ಚು ಹತ್ತಿರವಿತ್ತು. ಆದರೆ ಮಧ್ಯಾಹ್ನಕ್ಕೆ ತನ್ನ ಉಪವಾಸ ಮುಗಿಯುತ್ತದೆಂದು ಅತಿಥಿಗೆ ಗೊತ್ತಿರುತ್ತದೆ. ಅಮ್ಮನಿಗೆ ಗೊತ್ತಿರುತ್ತಿರಲಿಲ್ಲ. ಇದನ್ನೆಲ್ಲ ಯೋಚಿಸಿದೆನೇ ಹೊರತು ಅಮ್ಮನ ಹತ್ತಿರ ತಪ್ಪಾಯಿತೆಂದು ಹೇಳಲಿಲ್ಲ.

ಸ್ವಲ್ಪ ದಿನಕ್ಕೆ ಇನ್ನೊಂದು ತಂಡ ಬಂತು. ಊಟ ಬಡಿಸಿದ್ದಾಯಿತು, ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಮ್ಮ ಕೈ ಒರೆಸಿಕೊಂಡು ತಾನಾಗಿ ಮೇಜಿನ ಬಳಿ ಬಂದು ನಿಂತಳು.

"ನಮ್ಮನೇಲಿ ದಿನಾ ಹಂದಿಮಾಂಸನೇ," ಎಂದಳು, ಪದ್ಯ ಒಪ್ಪಿಸುವ ಮಗುವಿನ ಹಾಗೆ. "ಹಸಿವು ಅಂದ್ರೆ ಎಂತಾಂತ ನಮ್ಗೆ ಗೊತ್ತೇ ಇಲ್ಲೆ."

ಹೇಳಿ ನನ್ನ ಮುಖ ನೋಡಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬ, ಇನ್ನೊಮ್ಮೆ ಹೇಳಿ ಅಜ್ಜಿ ಎಂದು ಫೋನು ಹಿಡಿದ. ಅಮ್ಮ ಇನ್ನೊಮ್ಮೆ ಹೇಳಿದಳು. ನಾನು ತಡೆಯಬಹುದಿತ್ತು. ತಟ್ಟೆ ನೋಡುತ್ತಾ ಕೂತೆ.

ಎಲ್ಲರೂ ಎದ್ದ ಮೇಲೆ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಮ್ಮ ತನ್ನ ಊಟಕ್ಕೆ ಕೂತಿದ್ದಳು. ಬಟ್ಟಲಲ್ಲಿ ಗಂಜಿ, ಬದಿಯಲ್ಲಿ ಕೆಸಿನ ಸೊಪ್ಪಿನ ಪಲ್ಯ.

"ಸರಿಯಾಗಿ ಹೇಳ್ದೆನಾ?" ಎಂದು ಕೇಳಿದಳು.

"ಸರಿಯಾಗಿ ಹೇಳ್ದೆ," ಎಂದೆ.

ಅಮ್ಮನಿಗೆ ಸಮಾಧಾನವಾಯಿತು. "ನೀ ಇಂದ್ ಎಂತದೂ ತಿಂದಿಲ್ಲೆ," ಎಂದಳು. ಬೇಡವೆನ್ನುವಷ್ಟರಲ್ಲಿ ಇನ್ನೊಂದು ಬಟ್ಟಲು ಎಳೆದು, ತನ್ನ ಗಂಜಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನೇ ಅದಕ್ಕೆ ಸುರಿದಳು.