ನೀರು ಬೆನ್ನಿಗೆ ಬಡಿದ ರೆಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ. ತೊಂಬತ್ತರ ದಶಕದಲ್ಲಿ, ಶ್ರೀರಂಗಪಟ್ಟಣದ ಕಡೆಯ ನಾಲೆಯೊಂದರ ಮೇಲೆ ಖಾಸಗಿಯವರು ಕಟ್ಟಿದ್ದ ಪುಟ್ಟ ವಿದ್ಯುತ್ ಮನೆಗೆ ಎಂಜಿನಿಯರಾಗಿ ಸೇರಿದಾಗ, ಆ ಕೋಪಕ್ಕೆ ಓದಿನ ಜಂಬವೂ ಸೇರಿಕೊಂಡಿತ್ತು. ಅಲ್ಲಿ ಯಂತ್ರ ಕೂರಿಸಿ ರಿಪೇರಿ ಮಾಡುವ ಫಿಟ್ಟರು ಪಾಲಹಳ್ಳಿಯ ಒಬ್ಬ ರೈತರು. ನನ್ನಪ್ಪನ ವಯಸ್ಸು, ಓದಿದ್ದು ಏಳನೇ ಕ್ಲಾಸು.

ಆ ಬೇಸಿಗೆ ನಾಲೆಯಲ್ಲಿ ಎಂದಿನ ಅರ್ಧದಷ್ಟೂ ನೀರಿರಲಿಲ್ಲ. ಟರ್ಬೈನು ಶುರು ಮಾಡಿದರೆ, ಅಯ್ಯಯ್ಯೋ, ನೆಲವೇ ನಡುಗುತ್ತಿತ್ತು. ಕರೆಂಟೂ ಸರಿಯಾಗಿ ಹುಟ್ಟುತ್ತಿರಲಿಲ್ಲ. "ಶಾಫ್ಟು ಓರೆ ಕೂರಿಸಿದ್ದೀರಿ, ತಪ್ಪು ನಿಮ್ಮದೇ" ಎಂದು ಎಲ್ಲರೆದುರು ಫಿಟ್ಟರ ಮೇಲೆ ಹಾರಾಡಿದೆ. ಅಷ್ಟಕ್ಕೇ ಬಿಟ್ಟೆನೇ? ಇವರನ್ನು ಕೆಲಸದಿಂದ ತೆಗೆಯಿರಿ ಎಂದು ಮಾಲೀಕರಿಗೆ ಕಾಗದ ಬರೆದೆ. ಸಾಮಾನು ತರಲು ಪಾಂಡವಪುರಕ್ಕೆ ಹೊರಟಿದ್ದ ಅವರ ಕೈಗೇ ಲಕೋಟೆ ಕೊಟ್ಟು, ಅಂಚೆಗೆ ಹಾಕಿ ಬನ್ನಿ ಎಂದೆ.

ಲಕೋಟೆಯನ್ನು ಜೇಬಿಗಿಟ್ಟುಕೊಂಡು, "ಓಗಕ್ ಮುಂಚೆ ಒಂದ್ಸಲ ಒಳಿಕ್ ಇಳ್ದು ನೋಡ್ಬುಡ್ತೀನಿ ಕಣವ್ವ" ಎಂದರು. ನೀರು ನಿಲ್ಲಿಸಿ, ಟಾರ್ಚು ಹಿಡಿದು ಟರ್ಬೈನಿನ ಕೊಳವೆಯೊಳಗೆ ಇಳಿದರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು. ಟರ್ಬೈನಿನ ಚಕ್ರದ ಪ್ರತಿ ರೆಕ್ಕೆಯ ಹೊಟ್ಟೆಯ ಕಡೆ ಕೆಸರು ಅಂಟಿಕೊಂಡೇ ಇತ್ತು. ಬೆನ್ನಿನ ಅಂಚು ಮಾತ್ರ ತಿಕ್ಕಿ ತೊಳೆದಂತೆ ಹೊಳೆಯುತ್ತಿತ್ತು.

"ನೀರು ಒಟ್ಟೆಗೆ ತಾಕಿ ತಳ್ಬೇಕು ಕಣವ್ವ. ಇದು ಬೆನ್ನಿಗೆ ಒಡೀತಾದೆ. ಗಾಳಿ ಸಣ್ಗಾದ್ರೆ ಕಣದಲ್ಲಿ ಮೊರದ ಓರೆ ಬದ್ಲಾಯ್ಸಾಕಿಲ್ವಾ? ಅಂಗೇಯ. ರೆಕ್ಕೆನ ಒಸಿ ಮಲುಗುಸ್ಬೇಕು."

ರೆಕ್ಕೆಯ ಕೋನ ಗೊತ್ತುಮಾಡಿದವಳು ನಾನೇ, ತುಂಬಿದ ನಾಲೆಯ ಲೆಕ್ಕಕ್ಕೆ. ಚಕ್ರದ ವೇಗ ಅಷ್ಟೇ ಇದ್ದು ಹರಿವು ಕಮ್ಮಿಯಾದರೆ, ನೀರು ಬಂದು ತಾಕುವ ಕೋನವೇ ಬದಲಾಗುತ್ತದೆ. ಇದನ್ನೇ ಪರೀಕ್ಷೆಯಲ್ಲಿ ಬಾಣದ ಗೆರೆ ಎಳೆದು ಬರೆದು ಮಾರ್ಕ್ಸು ಹೊಡೆದಿದ್ದೆ! ಗೆರೆಯಲ್ಲಿ ಕಂಡದ್ದು ಕಬ್ಬಿಣದ ಮೇಲೆ ನನಗೆ ಕಾಣಲಿಲ್ಲ. ಆ ಮನುಷ್ಯ ಕೆಸರು ನೋಡಿ ಓದಿಬಿಟ್ಟಿದ್ದರು. ಎಂಥ ಕಣ್ಣಪ್ಪಾ ಅದು!

ಬೋಲ್ಟು ಸಡಿಲಿಸಿ, ಅವರು ಹೇಳಿದಷ್ಟು ರೆಕ್ಕೆಗಳನ್ನು ಮಲಗಿಸಿ ಬಿಗಿದೆವು. ನೀರು ಬಿಟ್ಟೆವು. ಅವರು ತಮ್ಮ ಟೀ ಲೋಟವನ್ನು ಟರ್ಬೈನಿನ ಮೈಮೇಲಿಟ್ಟರು. ಬೆಳಿಗ್ಗೆ ಅದೇ ಜಾಗದಲ್ಲಿ ಲೋಟ ಕುಣಿದು ಉರುಳಿತ್ತು. ಈಗ ಟೀ ಮೇಲಿನ ಕೆನೆ ಸಣ್ಣಗೆ ನಡುಗಿತು, ಅಷ್ಟೇ. ಮೀಟರಿನ ಮುಳ್ಳು ಏರಿತು.

"ಆ ಲಕೋಟೆ..." ಎಂದೆ.

ಅವರು ಜೇಬಿಗೆ ಕೈಹಾಕಿದರು. ಕೊಳವೆಗೆ ಇಳಿದಾಗ ಅದೂ ನೆಂದು ಮುದ್ದೆಯಾಗಿತ್ತು.

"ನನ್ ಮ್ಯಾಗಿನ್ ದೂರು ಅಂತ ಗೊತ್ತಿತ್ತು ಕಣವ್ವ. ಒಸಿ ಒಣಗಾಕಿ ಆಮೇಲ್ ಪೋಸ್ಟ್ ಮಾಡ್ಲಾ?"

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಅದನ್ನು ಕಿತ್ತುಕೊಂಡು ನಾಲೆಗೆ ಎಸೆದೆ. ತಪ್ಪು ನನ್ನದು, ಸರಿಪಡಿಸಿದವರು ಇವರು ಎಂದು ಬೇರೆ ಕಾಗದ ಬರೆದು, ಸಂಜೆ ನಾನೇ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ ಅಂಚೆಗೆ ಹಾಕಿದೆ.