ಆಚೆಮನೆ ಅಕ್ಕ ಬಿಡಿಸಿದ ಗೋಳಿ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆ ನೆಕ್ಕಿಸಲು ಸಾಣೆಕಲ್ಲಿನ ಮೇಲೆ ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಂಡನ ಊರು ಭಾವಿಕೇರಿಯ ಜಗಲಿಯಲ್ಲಿ ಕಾಲು ಚಾಚಿ ಕೂತ ಆಚೆಮನೆ ಅಕ್ಕ ಕಣ್ಣೆದುರು ಬಂದಳು... ಎಂಥ ಬಾಯಿ ಮಾರಾಯರೇ ಅವಳದ್ದು! ಒಳ್ಳೆಯ ಮಾತನ್ನೂ ಬೈದೇ ಹೇಳುವವಳು. ನಾನು ಅವಳಿಗೆ ಹೆದರಿ ಬಾವಿಗೆ ಹೋಗುವ ಹೊತ್ತನ್ನೇ ಬದಲಿಸಿದ್ದೆ.

ಅದು ಮೂವತ್ತರ ದಶಕ. ನಾನು ಚೊಚ್ಚಲ ಹೆಣ್ಣು ಕೂಸನ್ನು ಹೆತ್ತ ವರ್ಷ. ಮಳೆ ಹಿಡಿದು ಸಸಿ ನೆಟ್ಟಿ ಶುರುವಾದರೆ ಬಾಣಂತಿ ಎಂಬ ಮುಲಾಜಿಲ್ಲ, ಗದ್ದೆಗೆ ಇಳಿಯಲೇಬೇಕು. ಕೂಸು ತೊಟ್ಟಿಲಲ್ಲಿ ಚೀರುತ್ತಿತ್ತು. ಕಾರವಾರದ ಕಡೆಯಿಂದ ಬುಟ್ಟಿ ಹೊತ್ತು ಒಬ್ಬ ಬಳೆಗಾರ್ತಿ ಬರುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಳೆ ಇಡಿಸುತ್ತ, “ಎಷ್ಟ್ ಸೊರಗಿದ್ಯೇ ಮಗಳೇ, ನಿನ್ನ ಕಷ್ಟ ಈ ಮನೇಲಿ ಯಾರಿಗೂ ಕಾಣೂದಿಲ್ಲ” ಎಂದಳು. ನನಗೆ ಅಳುವೇ ಬಂತು. ಗಂಡನ ಮನೆಯಲ್ಲಿ ಅಷ್ಟು ಮೆತ್ತಗೆ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಹೋಗುವಾಗ ಕರಿ ಗೋಳಿಗಳ, ಎಂದರೆ ಗುಳಿಗೆಗಳ, ಪೊಟ್ಟಣವೊಂದನ್ನು ಕೈಗಿಟ್ಟಳು. “ಬಾಳಗೋಳಿ, ಕೂಸುಗಳ ಮದ್ದು. ಹಾಲಲ್ಲಿ ಕದಡಿ ಕೊಡು, ಕೂಸು ಚೆಂದ ಮಲಗ್ತದೆ.” ದುಡ್ಡು ಬೇಡವೆಂದಳು.

ಕೂಸು ಮಲಗಿತು. ಅತ್ತೆಗೂ ಸಮಾಧಾನ. ಆದರೆ ಬರಬರುತ್ತ ಗೋಳಿಯ ಅಮಲು ಇಳಿಯುವ ಹೊತ್ತಿಗೆ ಕೂಸು ಬೆವೆತು, ಮೂಗು ಸೋರಿ, ಸೆಟೆದು ಸೆಟೆದು ಅಳತೊಡಗಿತು. ಹಾಲೂ ಒಲ್ಲದು. ದೃಷ್ಟಿಯಾಗಿದೆ ಎಂದು ಅತ್ತೆ ದಿನಾ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಬಳೆಗಾರ್ತಿಯೂ “ದೃಷ್ಟಿಯೇ ಮಗಳೇ, ಒಂದು ಗೋಳಿ ಹೆಚ್ಚು ಕೊಡು” ಎಂದಳು. ಈಗ ಗೋಳಿಗೆ ಅಕ್ಕಿ ಕೇಳಿದಳು, ಆಮೇಲೆ ಕಾಯಿ, ಆಮೇಲೆ ಕೋಳಿ... ಎಲ್ಲ ಕೊಟ್ಟೆ. ಕೂಸಿಗೆ ಗೋಳಿ ಹತ್ತಿದ ಹಾಗೆ ನನಗೆ ಅವಳ ಮಾತು ಹತ್ತಿತ್ತು. ಅವಳು ಬಾರದ ವಾರ ನನಗೆ ಅನ್ನ ಸೇರುತ್ತಿರಲಿಲ್ಲ. ಬಾಯಿ ಬೆಲ್ಲ, ಕರುಳು ಕತ್ತರಿ ಎಂದು ಯಾರಿಗೆ ಗೊತ್ತು? ಕೂಸಿನ ಕೈಕಾಲು ಕಡ್ಡಿಯಾಗಿದ್ದವು.

ಒಂದು ಬೆಳಿಗ್ಗೆ ಆಚೆಮನೆ ಅಕ್ಕ ಬೇಲಿ ದಾಟಿ ಬಂದಳು. ಕೂಸಿನ ರೆಪ್ಪೆ ಎತ್ತಿ ನೋಡಿದವಳೇ, “ಯಾರ ಕೈಲಿ ತಕಂಡೆಯೇ ಅಫೀಮು?” ಎಂದಳು.

“ಅಫೀಮಲ್ಲ ಅಕ್ಕಾ, ಬಾಳಗೋಳಿ. ಕೂಸು ಅಳ್ತದೆ ಹೇಳಿ...”

“ಕೂಸು ಅಳೂದಲ್ಲ ಪೆದ್ದಿ, ಗೋಳಿ ಅಳ್ತದೆ. ನಾನೂ ಕೊಟ್ಟವಳೇ. ನನ್ನ ಹಿರಿ ಗಂಡು ಕೂಸೂ ಹೀಗೇ ಚೆಂದ ಮಲಗ್ತಿತ್ತು. ಒಂದಿನ ಏಳಲಿಲ್ಲ.”

ಅತ್ತೆ ಮುಷ್ಟಿಯಲ್ಲಿ ಮೆಣಸು ಹಿಡಿದುಕೊಂಡೇ ನಿಂತುಬಿಟ್ಟರು. ನಾನು ಪೊಟ್ಟಣ ಎಸೆಯಲು ಎದ್ದೆ. ಅಕ್ಕ ಕಸಿದುಕೊಂಡಳು. ಒಮ್ಮೆಲೇ ಬಿಡಿಸಿದರೆ ಕೂಸಿನ ಜೀವ ತಡೆಯುವುದಿಲ್ಲವಂತೆ. ಅಂದಿನಿಂದ ದಿನಾ ಉಗುರಿನಿಂದ ಗೋಳಿ ಕೆರೆದು, ನಿನ್ನೆಗಿಂತ ಇಂದು ಚೂರು ಕಡಿಮೆ ಮಾಡುತ್ತ ಬಂದಳು. ತನ್ನ ಕೂಲಿ ಬಿಟ್ಟು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಎಣ್ಣೆ ತಿಕ್ಕಿದಳು, ಬಜೆ ನೆಕ್ಕಿಸಿದಳು, ಬಳೆಗಾರ್ತಿಯ ವಂಶವನ್ನೆಲ್ಲ ಬೈದಳು. ಕೂಸಿನ ಅರಚಾಟ ಗದ್ದೆಗೂ ಕೇಳುತ್ತಿತ್ತು. ತಡೆಯಲಾರದೆ ಕೆಸರುಗಾಲಲ್ಲೇ ಓಡಿ ಬಂದೆ.

“ಕೊಟ್ಟುಬಿಡಕ್ಕಾ, ನೋಡೂಕಾಗೂದಿಲ್ಲ.”

“ನೋಡಬೇಡ, ಹೋಗು. ಅಳೂದು ಕೇಳ್ತದಲ್ಲ, ಕೂಸು ಜೀವಂತ ಅದೆ ಹೇಳಿ ತಿಳ್ಕ.”

ಆಮೇಲೊಂದು ಮಧ್ಯಾಹ್ನ ಅಳು ಕೇಳಲಿಲ್ಲ. ಸಸಿಯ ಕಟ್ಟು ಕೈಯಿಂದ ಜಾರಿತು. ಹೇಗೆ ಓಡಿದೆನೋ ದೇವರಿಗೇ ಗೊತ್ತು... ಕೂಸು ಅವಳ ತೊಡೆಯ ಮೇಲೆ ಮಲಗಿತ್ತು. ಆ ದಿನ ಗೋಳಿಯ ಚೂರೂ ಕೊಟ್ಟಿರಲಿಲ್ಲವಂತೆ. ಅಕ್ಕ ಮಾತ್ರ ಅದರ ಮೂಗಿನ ಹತ್ತಿರ ಅಂಗೈ ಹಿಡಿದು ಉಸಿರು ನೋಡುತ್ತ ಕೂತಿದ್ದಳು. ಕೂಸು ತಾನಾಗಿ ಎದ್ದು ಬಾಯಿ ಚಪ್ಪರಿಸುವವರೆಗೂ ಆ ಕೈ ತೆಗೆಯಲಿಲ್ಲ. ಎದ್ದ ಮೇಲೆ ನನ್ನ ಕೈಗಿತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಹಾಲು ಕೊಡೇ, ಎಂತಾ ನೋಡ್ತೆ” ಎಂದು ಗದರಿದಳು.

ಬಳೆಗಾರ್ತಿ ಮತ್ತೆ ಬಂದಳು. “ಮಗಳೇ” ಎಂದದ್ದೇ ನನ್ನ ಎದೆ ಕರಗಿತು, ಸುಳ್ಳೇಕೆ ಹೇಳಲಿ! ಕೂಸು ಗೋಳಿ ಬಿಟ್ಟಷ್ಟು ಸುಲಭವಾಗಿ ನಾನು ಅವಳ ಮಾತು ಬಿಡಲಿಲ್ಲ. ಮಿದುಳಿಗೆ ಒಮ್ಮೆ ಸುಖದ ರೂಢಿಯಾದರೆ ಅದೇ ಮತ್ತೆ ಮತ್ತೆ ಬೇಡುತ್ತದೆ ಎಂದು ಡಾಕ್ಟರಾಗಿರುವ ನನ್ನ ಮೊಮ್ಮಗ ಈಗ ಹೇಳುತ್ತಾನೆ. ಗೋಳಿಗೂ ಹೌದು, ಸವಿಮಾತಿಗೂ ಹೌದಂತೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಬೇಲಿಯಾಚೆ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ಬೇಡವೆಂದು ಕೈ ಹಿಂದಕ್ಕೆಳೆದುಕೊಂಡೆ.

ಅಕ್ಕ ಹೋಗಿ ಬಹಳ ವರ್ಷವಾಯಿತು. ಅವಳ ಋಣ ಯಾವ ಜನ್ಮದಲ್ಲಿ ತೀರುತ್ತದೋ. ಅಂದಿನ ಆ ಕೂಸೇ ಈಗ ಅಜ್ಜಿ, ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನೆದುರೇ ಕೂತಿದ್ದಾಳೆ. ಅವಳನ್ನು ನೋಡಿದಾಗೆಲ್ಲ ನಾನು ಕಂಡೇ ಇಲ್ಲದ ಆ ಗಂಡು ಕೂಸಿನ ನೆನಪಾಗುತ್ತದೆ. ನನ್ನ ಮಗಳಿಗೆ ಆಚೆಮನೆ ಅಕ್ಕ ಇದ್ದಳು. ಅಕ್ಕನ ಮಗನಿಗೆ ಯಾರೂ ಇರಲಿಲ್ಲ.