ಖರ್ಜೂರಕ್ಕೆ ಹೋದ ಡೈನಮೋ

ಆಗೆಲ್ಲ ತೆರಕಣಾಂಬಿಯಲ್ಲಿ ನಮ್ಮ ದೊಡ್ಡಪ್ಪನ ಬಸ್ಸೇ ಗಡಿಯಾರ. ಬೆಳಗ್ಗೆ ಅದು ಗುಂಡ್ಲುಪೇಟೆಗೆ ಹೋಗಿ ಬರುವಷ್ಟರಲ್ಲಿ ಹಾಲು ಕರೆದಾಗಿರಬೇಕು, ಸಂಜೆ ಚಾಮರಾಜನಗರದಿಂದ ವಾಪಸಾಗುವಷ್ಟರಲ್ಲಿ ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟಿರಬೇಕು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಕಳೆದಿದ್ದ ಕಾಲ. ಆ ಬಸ್ಸಿನಲ್ಲಿ ದಿನಾ ಚಾಮರಾಜನಗರದ ಹೈಸ್ಕೂಲಿಗೆ ಹೋಗಿಬರುತ್ತಿದ್ದ ನಮ್ಮೂರಿನ ಹುಡುಗಿ ನಾನೊಬ್ಬಳೇ. ಬಸ್ಸು ಓಡಿಸುವವನು ನಮ್ಮ ಚಿಕ್ಕಪ್ಪ ಎಂಬ ಒಂದೇ ಧೈರ್ಯಕ್ಕೆ ಅಜ್ಜಿ ನನ್ನನ್ನು ಕಳಿಸಲು ಒಪ್ಪಿದ್ದರು.

ಅವರೆಕಾಯಿ ಕಾಲ. ಮನೆತುಂಬಾ ಸೊಗಡಿನ ವಾಸನೆ, ಉಗುರೆಲ್ಲ ಕಪ್ಪು. ಆಗಲೇ ಬಸ್ಸಿನ ಡೈನಮೋ ಸುಟ್ಟುಹೋಯಿತು. ಇಂಜಿನ್ನಿನ ಪಕ್ಕ ಬೆಲ್ಟಿನಿಂದ ತಿರುಗುತ್ತಾ ಬ್ಯಾಟರಿಗೆ ಕರೆಂಟು ತುಂಬುವ ಸಾಮಾನು ಅದು. ಈಗಿನ ಗಾಡಿಗಳಲ್ಲಿ ಅದೇ ಕೆಲಸ ಮಾಡುವುದಕ್ಕೆ ಆಲ್ಟರ್ನೇಟರ್ ಅನ್ನುತ್ತಾರೆ. ಗುಂಡ್ಲುಪೇಟೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿಕೊಂಡು ಹಗಲು ಹೇಗೋ ಬಸ್ಸು ಓಡಿಸಬಹುದಿತ್ತು, ದೀಪ ಮಾತ್ರ ಹಚ್ಚುವಂತಿರಲಿಲ್ಲ. ಹಾಗಾಗಿ ಕತ್ತಲಾಗುವ ಮೊದಲೇ ಊರು ಸೇರಲೆಂದು ಬಸ್ಸು ಮೂರು ಗಂಟೆಗೇ ಚಾಮರಾಜನಗರ ಬಿಡತೊಡಗಿತು. ನನ್ನ ಸ್ಕೂಲು ಬಿಡುತ್ತಿದ್ದುದು ನಾಲ್ಕೂವರೆಗೆ.

"ಡೈನಮೋ ಬರೋಗಂಟ ಮನೇಲೇ ಇರು ಕಣಮ್ಮಿ," ಎಂದರು ದೊಡ್ಡಪ್ಪ.

"ತಿಂಗ್ಳು ಓಗದೆ ಇದ್ರೆ ಸ್ಕೂಲ್ ಪುಸ್ತಕದಲ್ಲಿ ನನ್ನೆಸ್ರು ಒಡೆದಾಕ್ತರೆ ದೊಡ್ಡಪ್ಪ. ಒಂದು ರಜಾ ಕಾಗ್ದ ಬರ್ಕೊಡಿ."

"ನಾಳೆ ನಾಳಿದ್ದು ಬಂದ್ಬುಡ್ತದೆ, ಅದಕ್ಯಾಕೆ ಕಾಗ್ದ?"

ಆ ನಾಳೆ ನಾಳಿದ್ದರಲ್ಲೇ ನನ್ನ ಹಣೆಬರಹ ಇತ್ತು.

ಗುಂಡ್ಲುಪೇಟೆಯಲ್ಲಿ ನಾಣು ಮೇಸ್ತ್ರಿ ಎಂಬ ಮಲೆಯಾಳದ ಮೆಕ್ಯಾನಿಕ್ ಇದ್ದ. ಡೈನಮೋ ಬಿಚ್ಚಿ ದೊಡ್ಡಪ್ಪನ ಕೈಗಿಟ್ಟು, "ಸಾಮಿ, ಮೈಸೂರಿಗೆ ಹೋಗುವಾಗ ಇದನ್ನ ಜೊತೆಗೇ ಒಯ್ಯಿ, ಇದೇ ತರದ್ದು ಬೇಕು," ಎಂದ. ದೊಡ್ಡಪ್ಪ ಊರಿಗೆ ನ್ಯಾಯ ಹೇಳುವ ಮನುಷ್ಯರು. ಕೆಟ್ಟ ಸಾಮಾನು ಕಂಕುಳಲ್ಲಿ ಇಟ್ಟುಕೊಂಡು ಮೈಸೂರಿನ ಬೀದಿಯಲ್ಲಿ ತಿರುಗುವುದೆಂದರೇನು! ಅದನ್ನು ಮನೆಯ ಜಗಲಿಯ ಮೇಲಿಟ್ಟು, ಹೊಲದಲ್ಲಿ ಬದು ಅಳೆದಂತೆ ಗೇಣು ಹಾಕಿ ಅಳೆದರು. ಒಂದು ಗೇಣು, ಮೂರು ಬೆರಳು. ಆ ಲೆಕ್ಕವನ್ನು ಚಿಕ್ಕಪ್ಪನಿಗೆ ಬಾಯಿಪಾಠ ಮಾಡಿಸಿದರು.

ಅವರು ಅತ್ತ ಹೋದಮೇಲೆ ನಾನು ಅದರ ಹತ್ತಿರ ಕೂತೆ. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ ಎಣ್ಣೆಯ ಜೊತೆ ಸೇರಿ ಅದರ ಮೈಮೇಲೆ ಹಪ್ಪಳದಂತೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಒಳಗೊಂದು ಹಿತ್ತಾಳೆ ತಗಡು, ಅದರ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ. ನನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಅಷ್ಟನ್ನೂ ಬರೆದುಕೊಂಡು ದೊಡ್ಡಪ್ಪನ ಹತ್ತಿರ ಓಡಿದೆ.

"ದೊಡ್ಡಪ್ಪ, ಅದ್ರ ಮ್ಯಾಲೆ ನಂಬರದೆ."

"ನಂಬರು ಬಸ್ಸಿಗಿರ್ತದೆ ಕಣಮ್ಮಿ, ಸಾಮಾನಿಗಲ್ಲ. ಓಗು, ಅವರೆಕಾಯಿ ಬುಡಿಸೋಗು."

ಹೋಗಿ ಬಿಡಿಸಿದೆ. ಇನ್ನೇನು ಮಾಡಲಿ?

ಚಿಕ್ಕಪ್ಪ ಮೈಸೂರಿನಿಂದ ತಂದದ್ದು ಗಿಡ್ಡವಾಯಿತು. ಒಂದು ತುದಿ ಬೋಲ್ಟಿಗೆ ಸಿಕ್ಕರೆ ಇನ್ನೊಂದು ಸಿಗದು. "ಒಂದು ಗೇಣು ಮೂರು ಬೆರಳು ಅಂದಿರ್ಲಿಲ್ವೇನ್ಲಾ?" ಎಂದು ದೊಡ್ಡಪ್ಪ ಗದರಿದರು. "ಸರಿಯಾಗೇ ಅಳೆದಿವ್ನಿ ಕಣಣ್ಣ," ಎಂದು ಚಿಕ್ಕಪ್ಪ ಮತ್ತೆ ಅಳೆದು ತೋರಿಸಿದ. ಚಿಕ್ಕಪ್ಪನ ಕೈ ನಮ್ಮ ಮನೆಯ ಹೆಂಗಸರ ಕೈಯಷ್ಟೇ ಚಿಕ್ಕದು. ಬಳೆಗಾರ ಬಂದಾಗಲೆಲ್ಲ ಎಲ್ಲರೂ ಆಡಿಕೊಂಡು ನಗುತ್ತಿದ್ದ ಆ ಕೈ ಅವತ್ತು ಒಬ್ಬರಿಗೂ ನೆನಪಾಗಿರಲಿಲ್ಲ!

ಒಂದು ವಾರ ಮುನಿಸಿಕೊಂಡು ಕೂತ ದೊಡ್ಡಪ್ಪ ಆಮೇಲೆ ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ತಾವೇ ಹೊರಟರು. ಈ ಸಲ ತಂದದ್ದು ಹೇಳಿ ಮಾಡಿಸಿದಂತೆ ಕೂತಿತು. ಎಲ್ಲರ ಮುಖದಲ್ಲೂ ನಗು. ಅವತ್ತು ಮಧ್ಯಾಹ್ನವೇ ಹಳೇ ಕಬ್ಬಿಣಕ್ಕೆ ಖರ್ಜೂರ ಕೊಡುವವನು ಬೀದಿಯಲ್ಲಿ ಕೂಗಿಕೊಂಡು ಬಂದ. ಅಜ್ಜಿ ಜಗಲಿಯ ಮೇಲಿದ್ದ ಹಳೇ ಡೈನಮೋವನ್ನು ಎತ್ತಿ ಅವನ ತಕ್ಕಡಿಗಿಟ್ಟರು. ಮೊರದ ತುಂಬಾ ಖರ್ಜೂರ ಬಂತು. ಎಲ್ಲ ಮಕ್ಕಳೂ ತಿಂದೆವು. ನಾನೂ ತಿಂದೆ, ನಾಳೆಯಿಂದ ಸ್ಕೂಲು ಅಂತ ಎರಡು ಹೆಚ್ಚಿಗೇ ತಿಂದೆ.

ಸಂಜೆ ಚಿಕ್ಕಪ್ಪ ಇಂಜಿನ್ ಚಾಲೂ ಮಾಡಿ ದೀಪದ ಸ್ವಿಚ್ಚು ಹಾಕಿದರೆ ಊದುಬತ್ತಿಯ ತುದಿಯಷ್ಟು ಕೆಂಪಗೆ ಹೊತ್ತಿಕೊಂಡು ಆರಿಹೋಯಿತು. ಮಾರನೆಯ ದಿನ ನಾಣು ಮೇಸ್ತ್ರಿ ಬಂದು ನೋಡಿ ತಲೆ ಚಚ್ಚಿಕೊಂಡ.

"ಅಯ್ಯೋ ಸಾಮಿ, ಇದು ಕಾರಿಂದು, ಆರು ವೋಲ್ಟು. ನಿಮ್ಮ ಬಸ್ಸಿಗೆ ಹನ್ನೆರಡು ಬೇಕು. ಹಳೇದರ ಮೇಲೆ ನಂಬರ್ ಉಂಟು, ಅದನ್ನ ಹೇಳಿದ್ರೆ ಸಾಕಿತ್ತಲ್ಲ. ಎಲ್ಲಿ ಅದು?"

ದೊಡ್ಡಪ್ಪ ಖಾಲಿ ಜಗಲಿಯ ಕಡೆ ನೋಡಿದರು. ಕೊನೆಗೆ ಅಜ್ಜಿಯೇ, "ಅದನ್ನ ಆಗ್ಲೇ ತಿಂದ್ಬುಟ್ಟೊ ಕಣಪ್ಪ," ಎಂದರು.

ನಾನು ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದು ಮೇಸ್ತ್ರಿಯ ಮುಂದೆ ಹಿಡಿದೆ. ಅವನು ಓದಿ, "ಇದೇ, ಇದೇ," ಎಂದ. ದೊಡ್ಡಪ್ಪ ನನ್ನನ್ನೊಮ್ಮೆ ನೋಡಿ, ಹಾಳೆ ಹರಿದು ಮಡಿಸಿ ಜೇಬಿಗಿಟ್ಟುಕೊಂಡರು. ಮೊದಲೇ ಹೇಳಿದ್ದೆನಲ್ಲ ಎಂದು ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಹಾಗೆಲ್ಲ ಕಿರುಚುವ ಹೆಣ್ಣುಮಕ್ಕಳಿರಲಿಲ್ಲ ಆಗ.

ಆ ನಂಬರಿನದು ಮೈಸೂರಿನ ಅಂಗಡಿಯಲ್ಲಿ ಇರಲಿಲ್ಲ, ತರಿಸಿಕೊಡಲು ಹದಿನೈದು ದಿನ ಹಿಡಿಯಿತು. ಆಗಲೂ ರಜಾ ಕಾಗದದ ಮಾತೆತ್ತಿದೆ. "ಇನ್ನೇನು ಬಂದ್ಬುಡ್ತದೆ," ಎಂದೇ ದೊಡ್ಡಪ್ಪ ಅಂದರು. ಬಂತು, ಸಂಕ್ರಾಂತಿಯ ಹಿಂದಿನ ದಿನ. ಮುಸ್ಸಂಜೆಯಲ್ಲಿ ದೀಪ ಹಚ್ಚಿದರೆ ಬೀದಿಯ ಕೊನೆಯ ಮನೆಯ ಗೋಡೆಯವರೆಗೂ ಬೆಳಕು! ಮಕ್ಕಳೆಲ್ಲ ಹೋ ಎಂದು ಕುಣಿದರು. ಅಜ್ಜಿ ಬಸ್ಸಿಗೆ ದೃಷ್ಟಿ ತೆಗೆದರು.

ಹಬ್ಬ ಕಳೆದು ದೊಡ್ಡಪ್ಪನ ಜೊತೆ ಸ್ಕೂಲಿಗೆ ಹೋದೆ. ಹೆಡ್‌ಮಾಸ್ಟರು ಹಾಜರಿ ಪುಸ್ತಕ ತೆಗೆದು ನನ್ನ ಹೆಸರಿನ ಮೇಲೆ ಎಳೆದಿದ್ದ ಕೆಂಪು ಗೀಟು ತೋರಿಸಿದರು. "ಒಂದು ಕಾಗದ ಕಳಿಸಿದ್ದರೆ ಸಾಕಿತ್ತು ಯಜಮಾನರೇ. ಇನ್ನು ಜೂನಿನಲ್ಲಿ ಸೇರಿಸಿ," ಎಂದರು.

ವಾಪಸು ಬರುವಾಗ ದಾರಿಯಲ್ಲಿ ಉಡಿಗಾಲದ ಊರು ದಾಟಿದ ಮೇಲೆ ದೊಡ್ಡಪ್ಪ, "ಜೂನು ಏನು ದೂರ ಇಲ್ಲ ಬುಡು ಮಗ," ಎಂದರು.

ಜೂನಿಗೆ ಮೊದಲೇ ನನ್ನ ಮದುವೆ ಗೊತ್ತಾಯಿತು.

ಆ ಬಸ್ಸು, ದೊಡ್ಡಪ್ಪ, ಅಜ್ಜಿ, ಖರ್ಜೂರದವನು ಯಾರೂ ಈಗಿಲ್ಲ. ಅಂಥ ಅಕ್ಕರೆಯ ಜನ ನನಗೆ ಮತ್ತೆ ಸಿಗಲಿಲ್ಲ, ಅಷ್ಟು ಸಿಟ್ಟು ಬರಿಸಿದವರೂ ಸಿಗಲಿಲ್ಲ. ಮೊನ್ನೆ ಮೊಮ್ಮಗನ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಹೋಯಿತು. ಅವನು ಅದರ ಮೇಲಿನ ನಂಬರಿನ ಫೋಟೋ ತೆಗೆದು ಅಂಗಡಿಗೆ ಕಳಿಸಿದ, ಮಾರನೆಯ ದಿನ ಸರಿಯಾದದ್ದೇ ಬಂತು. ಸಂತೋಷಪಡುವುದು ಬಿಟ್ಟು ನಾನು ಅವನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಪಾಪ, ಅವನಿಗೇನು ಗೊತ್ತು.

ಆ ಡೈನಮೋದ ನಂಬರು ಇವತ್ತಿಗೂ ನನಗೆ ಬಾಯಿಗೆ ಬರುತ್ತದೆ, ಒಂದು ಅಕ್ಷರ ತಪ್ಪದೆ. ಅದೇ ಪುಸ್ತಕದಲ್ಲಿದ್ದ ಬೀಜಗಣಿತ ಮರೆತುಹೋಯಿತೇ ಎಂದು ಮೊಮ್ಮಗ ಕೇಳುತ್ತಾನೆ. ಮರೆಯುವಷ್ಟು ಕಲಿತಿರಲಿಲ್ಲ ಕಣಪ್ಪ.